ಕಲಬುರಗಿಯಲ್ಲಿ ಹಳೆಯ ಅಂಬಾಸಿಡರ್ ಕಾರಿನ ಟಿಂಕರಿಂಗ್ (ಬಾಡಿಯ ತಗಡಿನ ಕೆಲಸ), ಪೇಂಟಿಂಗ್ ಯಾರಿಂದ ಮಾಡಿಸಬೇಕು? ನ್ಯಾಯವಾದ ದರ ಯಾವುದು?

ಪ್ರಶ್ನೆ: ಮಾರ್ಕ್‌ತ್ರೀ_ಕಲಬುರಗಿ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1978ರ ಅಂಬಾಸಿಡರ್ ಮಾರ್ಕ್ 3 ಇದೆ. ಶಹಾಬಾದಿನಲ್ಲಿದ್ದ ನಮ್ಮ ಸೋದರಮಾವನವರು ಹೊಸದಾಗಿ ಕೊಂಡು ಕೊನೆಯವರೆಗೂ ತಾವೇ ಓಡಿಸಿದ ಗಾಡಿ ಅದು. ಈಗ ಕಾಗದಪತ್ರಗಳೆಲ್ಲ ನನ್ನ ಹೆಸರಿಗಾಗಿವೆ. 1489 ಸಿಸಿ ಪೆಟ್ರೋಲ್ ಎಂಜಿನ್ ಚೆನ್ನಾಗಿದೆ, ಗೇರ್‌ಬಾಕ್ಸ್ ಬಗ್ಗೆಯೂ ದೂರಿಲ್ಲ. ತೊಂದರೆಯೆಲ್ಲ ಬಾಡಿಯದ್ದು. ಚಾಲಕನ ಕಾಲ ಕೆಳಗಿನ ರಬ್ಬರ್ ಮ್ಯಾಟ್ ಎತ್ತಿದರೆ ನೆಲದ ತಗಡು ಹೆಬ್ಬೆರಳ ಒತ್ತಡಕ್ಕೇ ಬಗ್ಗುತ್ತದೆ, ಒಂದು ಕಡೆ ರಸ್ತೆಯೇ ಕಾಣುತ್ತದೆ. ಮುಂದಿನ ಎರಡೂ ಫೆಂಡರ್‌ಗಳ, ಅಂದರೆ ಚಕ್ರದ ಮೇಲಿನ ತಗಡುಗಳ, ಕೆಳಭಾಗದಲ್ಲಿ ಬಣ್ಣ ಗುಳ್ಳೆ ಎದ್ದಿದೆ, ಬಾಗಿಲುಗಳ ಕೆಳ ಅಂಚನ್ನು ಜಂಗು ತಿಂದಿದೆ, ಡಿಕ್ಕಿಯ ತಳದಲ್ಲಿ ಮಳೆಗಾಲದ ನೀರು ನಿಂತು ತೂತುಗಳಾಗಿವೆ. ಬಾನೆಟ್ ಮತ್ತು ಮೇಲ್ಛಾವಣಿ ಮಾತ್ರ ಗಟ್ಟಿಯಾಗಿವೆ. ಹಳೆಯ ಬಣ್ಣದ ಮೇಲೆಯೇ ಹೊಸ ಬಣ್ಣ ಹೊಡೆಸುತ್ತ ಬಂದಿರುವುದು ಬಿರುಕುಗಳಲ್ಲಿ ಕಾಣುವ ಪದರಗಳಿಂದ ತಿಳಿಯುತ್ತದೆ.

ಮೂರು ಕಡೆ ವಿಚಾರಿಸಿದೆ. ಹುಮನಾಬಾದ್ ರಸ್ತೆಯಲ್ಲಿ ಎಲ್ಲ ಕಂಪನಿಗಳ ಕಾರುಗಳನ್ನೂ ದುರಸ್ತಿ ಮಾಡುವ ಒಂದು ಗ್ಯಾರೇಜಿನವರು ಟಿಂಕರಿಂಗ್, ಪೇಂಟಿಂಗ್ ಎಲ್ಲ ಸೇರಿ 70,000 ರೂಪಾಯಿಗೆ ಗುತ್ತಿಗೆ ಹಿಡಿಯುತ್ತೇವೆ, 20 ದಿನಗಳಲ್ಲಿ ಗಾಡಿ ಕೊಡುತ್ತೇವೆ ಎಂದರು. ಹೈದರಾಬಾದಿನಲ್ಲಿ ಹಳೆಯ ಕಾರುಗಳನ್ನೇ ಕೈಗೆತ್ತಿಕೊಳ್ಳುವ ಒಂದು ವರ್ಕ್‌ಶಾಪಿನವರು ಚಿತ್ರಗಳನ್ನು ನೋಡಿ, ಕ್ರೋಮ್ ಮತ್ತು ಸೀಟಿನ ಕೆಲಸ ಬಿಟ್ಟು, ನಾಲ್ಕೂವರೆ ಲಕ್ಷ ಮತ್ತು ಆರು ತಿಂಗಳು ಎಂದು ಹೇಳಿದರು. ಮೂರನೆಯವರು ನಮ್ಮ ಊರಿನ ಹಳೆಯ ಬಡಾವಣೆಯಲ್ಲಿ ಸಣ್ಣ ಶೆಡ್ ಇಟ್ಟುಕೊಂಡಿರುವ, ವಯಸ್ಸಾದ ಒಬ್ಬ ಉಸ್ತಾದರು. ಅವರು ಒಟ್ಟು ಮೊತ್ತ ಹೇಳಲು ಒಪ್ಪಲೇ ಇಲ್ಲ. "ಬಿಚ್ಚಿ ನೋಡದೆ ಹೇಳಿದರೆ ಸುಳ್ಳಾಗುತ್ತದೆ, ನನಗೂ ಹುಡುಗನಿಗೂ ಸೇರಿ ದಿನಕ್ಕೆ 1,400 ಮಜೂರಿ ಕೊಡಿ, ಸಾಮಾನು ನೀವೇ ತನ್ನಿ" ಎಂದರು.

ನಾನು ಗಾಡಿಯನ್ನು ಪ್ರದರ್ಶನಕ್ಕೆ ಇಡುವವನಲ್ಲ. ಭಾನುವಾರ ಗಾಣಗಾಪುರಕ್ಕೋ ಮಳಖೇಡಕ್ಕೋ ಮನೆಯವರನ್ನು ಕರೆದುಕೊಂಡು ನಿಶ್ಚಿಂತೆಯಿಂದ ಹೋಗಿಬರುವಂತಾದರೆ ಸಾಕು. ಎರಡು ಲಕ್ಷದವರೆಗೆ ಹೊಂದಿಸಬಲ್ಲೆ. ಒಂದೇ ಗಾಡಿಗೆ ಇಷ್ಟು ಬೇರೆ ಬೇರೆ ದರ ಏಕೆ, ಯಾರದು ನ್ಯಾಯವಾದದ್ದು, ಕೆಲಸ ಅರಿಯದ ನನ್ನಂಥವನು ಕೆಲಸಗಾರನ ಕೈಯನ್ನು ಅಳೆಯುವುದು ಹೇಗೆ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ: ಹಳೇಗಾಡಿ_ಸೇಡಂ

ಮಾನ್ಯರೇ, ಮೂವರೂ ಹೇಳಿದ್ದು ಒಂದೇ ಕೆಲಸದ ದರವಲ್ಲ. ಆದ್ದರಿಂದ ಅವನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಬರುವುದಿಲ್ಲ.

ಮೊದಲು 70,000ದ ಗುತ್ತಿಗೆಯನ್ನು ನೋಡೋಣ. ನಿಮ್ಮ ಉಸ್ತಾದರ ಮಜೂರಿಯನ್ನೇ ಅಳತೆಗೆ ಹಿಡಿದರೆ 20 ದಿನಕ್ಕೆ 28,000 ಆಗುತ್ತದೆ. ಉಳಿದ 42,000ದಲ್ಲಿ ಪ್ರೈಮರ್, ಬಣ್ಣ, ಹಾರ್ಡನರ್, ತಿನ್ನರ್, ಮರಳುಕಾಗದ, ಪೇಂಟರ್‌ನ ಕೂಲಿ, ಜಾಗದ ಬಾಡಿಗೆ, ಮಾಲೀಕರ ಲಾಭ ಎಲ್ಲವೂ ಬರಬೇಕು. ಹೀಗಿರುವಾಗ ನೆಲದ ತಗಡನ್ನು ಕತ್ತರಿಸಿ ಹೊಸದು ಕೂರಿಸುವುದಕ್ಕೆ ಅಲ್ಲಿ ಹಣವೂ ಇಲ್ಲ, ದಿನಗಳೂ ಇಲ್ಲ. ಅಂಥ ಕಡೆ ಆಗುವುದು ಇಷ್ಟೇ: ಜಂಗು ಹಿಡಿದ ಜಾಗವನ್ನು ಮೇಲೆ ಮೇಲೆ ಉಜ್ಜಿ, ತೂತಿನ ಮೇಲೆ ತಗಡಿನ ತುಂಡೊಂದನ್ನು ಅಂಟಿಸಿ, ಪುಟ್ಟಿ (ತಗ್ಗು ತುಂಬುವ ಲೇಪ) ಬಳಿದು ಸಪಾಟು ಮಾಡಿ, ಹೊಳೆಯುವ ಬಣ್ಣ ಹೊಡೆಯುತ್ತಾರೆ. ಗಾಡಿ ಶೆಡ್ಡಿನಿಂದ ಹೊರಗೆ ಬಂದ ದಿನ ಮದುವೆಗೆ ಹೊರಟಂತೆ ಕಾಣುತ್ತದೆ. ಎರಡನೆಯ ಮಳೆಗಾಲಕ್ಕೆ ಅದೇ ಜಾಗಗಳಲ್ಲಿ ಮತ್ತೆ ಗುಳ್ಳೆ ಏಳುತ್ತದೆ. ಇದನ್ನು ಮೋಸ ಎಂದು ನಾನು ಕರೆಯುವುದಿಲ್ಲ. ವಿಮೆಯ ಹಣದಲ್ಲಿ ಬಾಗಿಲು, ಬಂಪರ್ ಬದಲಿಸಿ ಬಣ್ಣ ಹೊಡೆದು ದಿನದಿನಕ್ಕೆ ಗಾಡಿ ಹೊರಡಿಸುವುದು ಅವರ ಕಸುಬು, ಅದಕ್ಕೆ ಅವರ ದರ ಸರಿಯಾಗಿಯೇ ಇರುತ್ತದೆ. ಹಳೆಯ ಗಾಡಿ ಅಲ್ಲಿಗೆ ಹೋದರೆ ಮೂಲೆ ಸೇರುತ್ತದೆ, ಅಷ್ಟೆ.

ಅಂಬಾಸಿಡರ್ ನೋಡಲು ಲಾರಿಯಷ್ಟು ಗಟ್ಟಿಯಾಗಿದ್ದರೂ ಅದಕ್ಕೆ ಲಾರಿಯಂತೆ ಪ್ರತ್ಯೇಕ ಚಾಸಿಸ್ ಇಲ್ಲ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಅದು ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಅಚ್ಚಿನಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಗಾಡಿ. 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಅದರ ಮೂಲ ರಚನೆ ಬದಲಾಗಲಿಲ್ಲ. ನೆಲ, ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ತೊಲೆ, ಕಂಬಗಳು, ಛಾವಣಿ ಇವೆಲ್ಲ ಸೇರಿಯೇ ಭಾರ ಹೊರುತ್ತವೆ. ಮುಂದಿನ ಟಾರ್ಷನ್ ಬಾರ್‌ಗಳ (ಸ್ಪ್ರಿಂಗ್‌ನಂತೆ ತಿರುಚಿಕೊಳ್ಳುವ ಸರಳುಗಳು) ಹಿಂತುದಿ ನೆಲದಡಿಯ ಅಡ್ಡತೊಲೆಯನ್ನು ಹಿಡಿದಿದೆ; ಹಿಂದಿನ ಪಟ್ಟಿ ಸ್ಪ್ರಿಂಗ್‌ಗಳು ಬಾಡಿಗೇ ಸೇರಿವೆ. ಆದ್ದರಿಂದ ನಿಮ್ಮ ಕಾಲಡಿಯ ತೂತನ್ನು ಅಂದದ ಕೊರತೆ ಎಂದು ಎಣಿಸದೆ ಸುರಕ್ಷತೆಯ ವಿಷಯ ಎಂದೇ ಎಣಿಸಬೇಕು. ಸ್ಪ್ರಿಂಗ್ ಹಿಡಿಯುವ ಜಾಗ, ಜಾಕ್ ಏರಿಸುವ ಜಾಗ, ಆ ಉದ್ದದ ತೊಲೆಗಳು, ಇವು ಮೊದಲು. ಫೆಂಡರ್ ಆಮೇಲೆ. ಬಣ್ಣ ಕೊನೆಗೆ.

ಇನ್ನು ಕೈ ಅಳೆಯುವ ವಿಚಾರ. ಕೆಲಸಗಾರನ ಬಳಿ ಹೋದಾಗ ಅವರು ಮುಗಿಸಿದ ಗಾಡಿಯನ್ನು ತೋರಿಸಿ ಎಂದು ಕೇಳಬೇಡಿ. ಅರ್ಧ ಕೆಲಸದಲ್ಲಿರುವ, ಇನ್ನೂ ಬಣ್ಣ ಕಾಣದ ಗಾಡಿಯನ್ನು ತೋರಿಸಿ ಎಂದು ಕೇಳಿ. ಬರಿಯ ತಗಡಿನ ಮೇಲೆ ಬೆಸುಗೆಯ ಗೆರೆ ಹೇಗಿದೆ, ಸುತ್ತಲಿನ ತಗಡು ಶಾಖಕ್ಕೆ ಅಲೆಅಲೆಯಾಗಿದೆಯೇ, ಡಾಲಿ (ತಗಡಿನ ಹಿಂದೆ ಒತ್ತಿಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ಸುತ್ತಿಗೆಯಿಂದ ಎಷ್ಟು ಸಮ ಮಾಡಿದ್ದಾರೆ ಎಂಬುದನ್ನು ಅಂಗೈ ಆಡಿಸಿ ನೋಡಿ. ಕಣ್ಣಿಗಿಂತ ಅಂಗೈಗೆ ಹೆಚ್ಚು ತಿಳಿಯುತ್ತದೆ. ಮುಗಿದ ಗಾಡಿಯೊಂದೇ ಇದ್ದರೆ ತೆಳುವಾದ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಗಿಲ ಕೆಳ ಅಂಚಿಗೂ ಫೆಂಡರ್‌ನ ಹಿಂಭಾಗಕ್ಕೂ ಹಿಡಿದು ನೋಡಿ. ಪುಟ್ಟಿ ಎರಡು ಮೂರು ಮಿಲಿಮೀಟರ್ ಮೀರಿದ್ದರೆ ಹಿಡಿತ ಸಡಿಲವಾಗುತ್ತದೆ.

ಯಾವ ಬೆಸುಗೆ ಬಳಸುತ್ತಾರೆ ಎಂದೂ ಕೇಳಬೇಕು. ನಮ್ಮ ಜಿಲ್ಲೆಯಲ್ಲಿ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಕೆಲಸ ಮಾಡಿ ಪಳಗಿದ ವೆಲ್ಡರ್‌ಗಳಿಗೆ ಕೊರತೆಯಿಲ್ಲ. ಆದರೆ ಅವರ ಕೈ ದಪ್ಪ ಕಬ್ಬಿಣಕ್ಕೆ ಒಗ್ಗಿದ್ದು, ಸಾಮಾನ್ಯ ಆರ್ಕ್ ವೆಲ್ಡಿಂಗ್ ಕಾರಿನ ತಗಡನ್ನು ಸುಟ್ಟು ತೂತು ಮಾಡುತ್ತದೆ. ಗ್ಯಾಸ್ ವೆಲ್ಡಿಂಗ್ ಬಲ್ಲವರ ಕೈಯಲ್ಲಿ ಚೆನ್ನ, ಬಾರದವರ ಕೈಯಲ್ಲಿ ತಗಡು ಸೊಟ್ಟಗಾಗುತ್ತದೆ. ಸಿಒಟು (ಇಂಗಾಲದ ಡೈಆಕ್ಸೈಡ್ ಅನಿಲ ಬಳಸುವ) ವೆಲ್ಡಿಂಗ್ ಯಂತ್ರವಿದ್ದು, ಒಂದೇ ಕಡೆ ಎಳೆಯದೆ ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕುತ್ತ, ಆರಲು ಬಿಟ್ಟು ಮುಂದುವರಿಯುವವರು ಸಿಕ್ಕರೆ ಎಲ್ಲಕ್ಕಿಂತ ಉತ್ತಮ. ತೊಲೆಗಳನ್ನು ಕತ್ತರಿಸುವಾಗ ಎರಡೂ ಬದಿಯನ್ನು ಒಟ್ಟಿಗೆ ಬಿಚ್ಚದೆ, ಬಾಗಿಲ ಚೌಕಟ್ಟಿಗೆ ಒಳಗಿನಿಂದ ಕಬ್ಬಿಣದ ಆಧಾರ ಕಟ್ಟಿ, ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಬೇಕು. ಇಲ್ಲದಿದ್ದರೆ ಬಾಡಿ ನಡುವೆ ಕುಸಿದು ಬಾಗಿಲುಗಳು ಮತ್ತೆಂದೂ ಸರಿಯಾಗಿ ಕೂರುವುದಿಲ್ಲ. ನಿಮ್ಮ ಉಸ್ತಾದರನ್ನು ಈ ಒಂದು ಪ್ರಶ್ನೆ ಕೇಳಿ ನೋಡಿ: "ತೊಲೆ ಕತ್ತರಿಸುವ ಮೊದಲು ಏನು ಮಾಡುತ್ತೀರಿ?" ಆಧಾರದ ಮಾತು ಅವರಾಗಿಯೇ ಎತ್ತಿದರೆ ನಿಶ್ಚಿಂತೆಯಿಂದ ಗಾಡಿ ಬಿಡಬಹುದು.

ನನ್ನ ಅಭಿಪ್ರಾಯದಲ್ಲಿ ಮೂವರಲ್ಲಿ ಪ್ರಾಮಾಣಿಕ ಉತ್ತರ ಕೊಟ್ಟವರು ಒಟ್ಟು ಮೊತ್ತ ಹೇಳದ ಆ ಹಿರಿಯರೇ. 1,400ರಂತೆ 45 ದಿನ ಹಿಡಿದರೂ ಮಜೂರಿ 63,000ಕ್ಕೆ ನಿಲ್ಲುತ್ತದೆ. ತಗಡು, ಪ್ರೈಮರ್, ಬಣ್ಣ, ರಬ್ಬರ್ ಎಲ್ಲ ಸೇರಿದರೂ ನಿಮ್ಮ ಎರಡು ಲಕ್ಷದೊಳಗೆ ಮುಗಿಯುವ ಸಂಭವ ಹೆಚ್ಚು.

ಉತ್ತರ: ಬೀದರ್_ಪದ್ಮಿನಿ

ಹಳೇಗಾಡಿ ಅವರ ಮಾತನ್ನು ಬಹುಪಾಲು ಒಪ್ಪುತ್ತೇನೆ. ದಿನದ ಮಜೂರಿಯ ವಿಷಯದಲ್ಲಿ ಮಾತ್ರ ನನ್ನ ಭಿನ್ನಾಭಿಪ್ರಾಯವಿದೆ. ನನ್ನ ಪ್ರೀಮಿಯರ್ ಪದ್ಮಿನಿ ಕಾರನ್ನು ಇದೇ ರೀತಿ ದಿನಗೂಲಿಗೆ ಒಂದು ಕಡೆ ಬಿಟ್ಟಿದ್ದೆ. ಉಸ್ತಾದರ ಕೈ ಅಪ್ಪಟವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಧ್ಯೆ ಬೇರೆಯವರ ತುರ್ತು ಗಾಡಿ ಬಂದಾಗಲೆಲ್ಲ ನನ್ನದು ಹೊರಗೆ ನಿಂತಿತು, ಉಜ್ಜಿ ಬರಿದಾಗಿಸಿದ ತಗಡಿನ ಮೇಲೆ ಮಳೆ ಬಿದ್ದು ಹೊಸ ಜಂಗು ಕೂತಿತು, ಅದನ್ನು ಮತ್ತೆ ಉಜ್ಜಲು ಮತ್ತೆ ಮಜೂರಿ ಕೊಡಬೇಕಾಯಿತು. ಮಳೆ ಬಂದದ್ದು ಅವರ ತಪ್ಪಲ್ಲ, ಪ್ರೈಮರ್ ಹಚ್ಚದೆ ಹೊರಗೆ ನಿಲ್ಲಿಸಿದ್ದು ಖಂಡಿತ ತಪ್ಪು.

ಆದ್ದರಿಂದ ನನ್ನ ಸಲಹೆ ಹೀಗಿದೆ. ಬಿಚ್ಚಿ ನೋಡುವುದಕ್ಕಷ್ಟೇ ದಿನದ ಲೆಕ್ಕ ಇರಲಿ. ಸೀಟು, ಮ್ಯಾಟ್, ಬಾಗಿಲ ಒಳಹಾಳೆಗಳನ್ನೆಲ್ಲ ತೆಗೆಸಿ, ಸಡಿಲ ಬಣ್ಣವನ್ನು ಕೆರೆಸಿ, ಹಾಳಾದ ಜಾಗಗಳನ್ನು ಸೀಮೆಸುಣ್ಣದಿಂದ ಗುರುತು ಹಾಕಿಸಿ. ಆಗ ಅವರೂ ನೀವೂ ಒಟ್ಟಿಗೆ ನಿಂತು ನೆಲಕ್ಕೆ ಇಷ್ಟು, ಪ್ರತಿ ತೊಲೆಗೆ ಇಷ್ಟು, ಬಾಗಿಲೊಂದಕ್ಕೆ ಇಷ್ಟು, ಡಿಕ್ಕಿಗೆ ಇಷ್ಟು ಎಂದು ಭಾಗಭಾಗವಾಗಿ ದರ ಗೊತ್ತು ಮಾಡಿ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಒಂದು ಭಾಗ ಮುಗಿದು, ಪುಟ್ಟಿ ತಾಗುವ ಮೊದಲು ನೀವು ಬರಿಯ ತಗಡನ್ನು ಕಣ್ಣಾರೆ ನೋಡಿ, ಚಿತ್ರ ತೆಗೆದ ಮೇಲೆಯೇ ಆ ಭಾಗದ ಹಣ. ಮುಂಗಡವನ್ನು ಸಾಮಾನಿನ ರೂಪದಲ್ಲಿ ಕೊಡುವುದು ಲೇಸು: ತಗಡನ್ನೂ ಪ್ರೈಮರನ್ನೂ ನೀವೇ ರಸೀದಿ ಪಡೆದು ತಂದುಕೊಡಿ. ಜಿಎಸ್‌ಟಿ ಬಿಲ್ ಕೊಡುವ ದೊಡ್ಡ ಕಡೆಗಳಲ್ಲಿ ಹೇಳಿದ ದರದ ಮೇಲೆ ಶೇಕಡಾ 18 ಸೇರುತ್ತದೆಯೋ, ಸೇರಿಸಿಯೇ ಹೇಳಿದ್ದೋ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಹೈದರಾಬಾದಿನವರ ನಾಲ್ಕೂವರೆ ಲಕ್ಷದ ವಿಷಯದಲ್ಲೂ ಈ ಪ್ರಶ್ನೆ ಇದೆ.

ಹೈದರಾಬಾದಿಗೆ ಗಾಡಿ ಕಳಿಸುವುದು ಬೀದರಿನ ನಮಗೆ ಸುಲಭ, ನಿಮಗೆ ಅಷ್ಟು ಸುಲಭವಲ್ಲ. ಕ್ಯಾರಿಯರ್ ಬಾಡಿಗೆಯನ್ನು ಒಮ್ಮೆ ಕೊಟ್ಟು ಮುಗಿಸಬಹುದು. ಆದರೆ ಪುಟ್ಟಿಗೆ ಮೊದಲು ತಗಡು ನೋಡಲು ನೀವು ಪ್ರತಿ ಬಾರಿ ಅಲ್ಲಿಗೆ ಹೋಗಲಾರಿರಿ. ಕಣ್ಣೆದುರಿಗಿನ ಕೆಲಸಕ್ಕೇ ನನ್ನ ಮತ. ಸಾಮಾನಿಗೆ ಮಾತ್ರ ಸಿಕಂದರಾಬಾದಿನ ರಾಣಿಗಂಜ್‌ಗೆ ಹೋಗಿಬನ್ನಿ, ಇಲ್ಲವೇ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪರಿಚಯದವರಿದ್ದರೆ ವಿಚಾರಿಸಿ. ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಕೈಗೆ ಬರುವವರೆಗೆ ಗಾಜು ಬಿಚ್ಚಿಸಬೇಡಿ. ನಮ್ಮ ಬಿಸಿಲಿಗೆ ಒಣಗಿ ಕಲ್ಲಾದ ಹಳೆಯ ರಬ್ಬರ್ ಒಮ್ಮೆ ಹೊರಬಂದರೆ ಮತ್ತೆ ಕೂರುವುದಿಲ್ಲ. ಮುಂದಿನ ಜಾಲರಿಯನ್ನು ಮಾರ್ಕ್ 3ರದ್ದೇ ಎಂದು ನೋಡಿ ಕೊಳ್ಳಿ. ಮಾರ್ಕ್ 4ರದ್ದನ್ನು ತಂದು "ಎಲ್ಲ ಒಂದೇ" ಎನ್ನುವವರಿದ್ದಾರೆ.

ಉತ್ತರ: ಬಣ್ಣದಂಗಡಿ_ಯಾದಗಿರಿ

ನಾನು ಟಿಂಕರಿಂಗ್ ಬಲ್ಲವನಲ್ಲ. ವಾಹನಗಳ ಬಣ್ಣ ಮಾರುವವನು, ಬೆರೆಸಿ ಕೊಡುವವನು. ಆ ಭಾಗದ ಬಗ್ಗೆ ಮಾತ್ರ ಹೇಳುತ್ತೇನೆ.

ಟಿಂಕರಿಂಗ್ ಮಾಡಿದವರಿಗೇ ಪೇಂಟಿಂಗ್ ಕೂಡ ಒಪ್ಪಿಸುವುದು ಕಡ್ಡಾಯವಲ್ಲ, ಎಷ್ಟೋ ಸಲ ಒಳ್ಳೆಯದೂ ಅಲ್ಲ. ಇಬ್ಬರೂ ಬೇರೆಯಾಗಿದ್ದರೆ ತಗಡಿನ ತಪ್ಪನ್ನು ಪೇಂಟರ್ ಎತ್ತಿ ತೋರಿಸುತ್ತಾನೆ. ಒಬ್ಬರೇ ಆಗಿದ್ದರೆ ಆ ತಪ್ಪನ್ನು ಪುಟ್ಟಿ ನುಂಗಿಬಿಡುತ್ತದೆ.

ನಿಮ್ಮ ಗಾಡಿಯ ಮೇಲೆ ಪದರಪದರವಾಗಿ ಹಳೆಯ ಬಣ್ಣವಿದೆ ಎಂದಿದ್ದೀರಿ. ಅದರಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಇದ್ದು, ಅದರ ಮೇಲೆ ನೇರವಾಗಿ ಇಂದಿನ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆದರೆ, ಹೊಸದರ ದ್ರಾವಕ ಕೆಳಗಿನ ಪದರವನ್ನು ಮೆತ್ತಗೆ ಮಾಡಿ ಮೇಲ್ಮೈ ಸುಕ್ಕುಗಟ್ಟುವ ಅಪಾಯವಿದೆ. ತಿನ್ನರ್‌ನಲ್ಲಿ ಅದ್ದಿದ ಬಟ್ಟೆಯನ್ನು ಒಂದು ಮೂಲೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಎನ್‌ಸಿ ಬಣ್ಣ ಕರಗಿ ಬಟ್ಟೆಗೆ ಹತ್ತುತ್ತದೆ, ಗಟ್ಟಿಯಾದ ಪಿಯು ಕರಗುವುದಿಲ್ಲ. ಕರಗಿದರೆ ತಗಡಿನವರೆಗೆ ತೆಗೆಸುವುದೇ ಸರಿ. ಬರಿದಾದ ತಗಡಿಗೆ ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು. ಅಗ್ಗವೆಂದು ರೆಡ್ ಆಕ್ಸೈಡ್ ಹಚ್ಚಿ ತಿಂಗಳುಗಟ್ಟಲೆ ನಿಲ್ಲಿಸುವ ಅಭ್ಯಾಸ ನಮ್ಮ ಕಡೆ ಬಹಳವಿದೆ. ಆ ಪದರ ತೇವವನ್ನು ತಡೆಯುವುದಿಲ್ಲ. ಪುಟ್ಟಿಯೂ ನೀರು ಹೀರುತ್ತದೆ. ಹಾಗಾಗಿ ಬರಿಯ ಪುಟ್ಟಿಯನ್ನು ನೀರು ಹಾಕಿ ಉಜ್ಜುವ ಪೇಂಟರ್‌ನಿಗೆ ಬೇಡ ಎಂದು ಹೇಳಿ, ನೀರಿಲ್ಲದೆ ಒಣದಾಗಿಯೇ ಉಜ್ಜಿಸಿ. ನೀರಿನ ಉಜ್ಜುವಿಕೆ ಸರ್ಫೇಸರ್ (ಬಣ್ಣಕ್ಕೆ ಮೊದಲಿನ ಸಮಗೊಳಿಸುವ ಪದರ) ಬಂದ ಮೇಲೆ.

ಕಾಲವನ್ನು ನೋಡಿ ಬಣ್ಣ ಹೊಡೆಸುವುದು ನಮ್ಮ ಮೂರು ಜಿಲ್ಲೆಗಳಲ್ಲಿ ದುಬಾರಿ ಬಣ್ಣ ಕೊಳ್ಳುವುದಕ್ಕಿಂತ ಮುಖ್ಯ. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದ ಮಧ್ಯಾಹ್ನ ಗನ್ನಿನಿಂದ ಹೊರಟ ಬಣ್ಣ ತಗಡು ಮುಟ್ಟುವಷ್ಟರಲ್ಲಿ ಅರ್ಧ ಒಣಗಿ, ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗುತ್ತದೆ; ಜೊತೆಗೆ ಸಂಜೆಯ ಗಾಳಿಯ ಧೂಳು. ಮಳೆಗಾಲದ ತೇವದಲ್ಲಿ ಎನ್‌ಸಿ ಬಣ್ಣ ಬಿಳಿಚಿಕೊಳ್ಳುತ್ತದೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ, ಇಬ್ಬನಿ ಆರಿದ ಮೇಲಿನ ಹೊತ್ತು ಒಳ್ಳೆಯದು. ಬೇಸಿಗೆಯಲ್ಲೇ ಆಗಬೇಕೆಂದರೆ ನಿಧಾನವಾಗಿ ಒಣಗಿಸುವ ತಿನ್ನರ್ ಮತ್ತು ಹಾರ್ಡನರ್ ಕೇಳಿ ಪಡೆಯಿರಿ.

ತೆರೆದ ಶೆಡ್ಡಿನಲ್ಲಿ ಹೊಡೆಸುವುದಾದರೆ ಎನ್‌ಸಿ ಬಣ್ಣವನ್ನೂ ಪರಿಗಣಿಸಿ ಎನ್ನುತ್ತೇನೆ, ಈಗಿನವರು ನಕ್ಕರೂ ಚಿಂತೆಯಿಲ್ಲ. ಅದು ಬೇಗ ಒಣಗುತ್ತದೆ, ಕೂತ ಧೂಳನ್ನು ಉಜ್ಜಿ ಪಾಲಿಶ್ ಮಾಡಬಹುದು, 1978ರ ಗಾಡಿಗೆ ಆ ಮೃದುವಾದ ಹೊಳಪೇ ಒಪ್ಪುತ್ತದೆ. ಬಾಳಿಕೆ ಪಿಯುಗಿಂತ ಕಡಿಮೆ ಎಂಬುದು ನಿಜ, ನೆರಳಿನಲ್ಲಿ ನಿಲ್ಲಿಸಬೇಕಾಗುತ್ತದೆ. ಪಿಯು ಬೇಕೆಂದರೆ ಬೂತ್ (ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಇರುವ ಕಡೆ ಬಣ್ಣಕ್ಕಷ್ಟೇ ಗಾಡಿ ಒಯ್ಯಿರಿ. ಅದರ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಉಸಿರಾಟಕ್ಕೆ ಅಪಾಯಕಾರಿ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ಹುಡುಗನಿಗೆ ಸರಿಯಾದ ಮಾಸ್ಕ್ ಒಂದನ್ನು ನೀವೇ ಕೊಡಿಸಿದರೂ ನಷ್ಟವಿಲ್ಲ.

ಪ್ರಶ್ನಿಸಿದವರು: ಮಾರ್ಕ್‌ತ್ರೀ_ಕಲಬುರಗಿ

ಮೂವರಿಗೂ ಕೃತಜ್ಞತೆಗಳು. ತೊಲೆಯ ಪ್ರಶ್ನೆಯನ್ನು ಉಸ್ತಾದರಿಗೆ ಕೇಳಿದೆ. ಅವರು ಮಾತಾಡದೆ ಶೆಡ್ಡಿನ ಹಿಂದಿನಿಂದ ಎರಡು ಚೌಕ ಪೈಪುಗಳನ್ನು ತಂದು ಬಾಗಿಲ ಚೌಕಟ್ಟಿಗೆ ಅಡ್ಡ ಹಿಡಿದು ತೋರಿಸಿದರು. ಸಿಒಟು ಯಂತ್ರವನ್ನು ಅವರ ಅಳಿಯನ ಬಳಿಯಿಂದ ತರಿಸುತ್ತಾರಂತೆ. ಭಾಗಭಾಗದ ದರಕ್ಕೂ ಒಪ್ಪಿದ್ದಾರೆ, ಬಣ್ಣ ತಾವು ಮಾಡುವುದಿಲ್ಲ ಎಂದು ಮೊದಲೇ ಹೇಳಿದರು. ತಗಡು ಜಿಐ (ಸತುವಿನ ಲೇಪದ್ದು) ತರಲೇ, ಸಾದಾ ತರಲೇ? ಇನ್ನೊಂದು ಸಂದೇಹ: ಗಾಡಿ ಈಗ ಬಿಳಿ, ಡ್ಯಾಶ್‌ಬೋರ್ಡಿನ ಹಿಂದೆ ಮೂಲ ಬಣ್ಣ ತಿಳಿನೀಲಿ ಎಂದು ಕಾಣುತ್ತಿದೆ. ಅದಕ್ಕೇ ಮರಳಿದರೆ ಆರ್‌ಟಿಒ ಕಡೆಯಿಂದ ತೊಡಕಾದೀತೇ? 2028ರಲ್ಲಿ 50 ವರ್ಷ ತುಂಬಿದಾಗ ವಿಂಟೇಜ್ ಎಂದು ನೋಂದಾಯಿಸುವ ಆಸೆಯೂ ಮನೆಯವರಿಗಿದೆ.

ಉತ್ತರ: ಹಳೇಗಾಡಿ_ಸೇಡಂ

ಸಾದಾ ಸಿ.ಆರ್. (ಕೋಲ್ಡ್ ರೋಲ್ಡ್) ತಗಡನ್ನೇ ತನ್ನಿ, 20 ಗೇಜ್ ಎಂದರೆ ಸುಮಾರು 0.9 ಮಿಲಿಮೀಟರ್ ದಪ್ಪದ್ದು ನೆಲಕ್ಕೆ ಸಾಕು. ಭಾರ ಹೊರುವ ತೊಲೆಗೆ ಅದಕ್ಕಿಂತ ದಪ್ಪ ಬೇಕು, ಹಳೆಯ ತುಂಡನ್ನು ಅಳೆದು ಅದಕ್ಕೆ ಸರಿಯಾದದ್ದನ್ನು ಉಸ್ತಾದರೇ ಹೇಳಲಿ. ಜಿಐ ತಗಡಿನ ಸತುವು ಬೆಸುಗೆಯ ಜಾಗದಲ್ಲಿ ಸುಟ್ಟುಹೋಗುವುದರಿಂದ ಜಂಗು ಹಿಡಿಯುವುದು ಅಲ್ಲಿಂದಲೇ, ಆ ಹೊಗೆಯೂ ಕೆಟ್ಟದ್ದು.

ಆರ್.ಸಿ.ಯಲ್ಲಿ ಬಣ್ಣ ಏನೆಂದು ಬರೆದಿದೆ ಎಂಬುದನ್ನು ಮೊದಲು ನೋಡಿ. ತಿಳಿನೀಲಿ ಎಂದೇ ಇದ್ದರೆ ನೀವು ಮಾಡುತ್ತಿರುವುದು ಗಾಡಿಯನ್ನು ಆರ್.ಸಿ.ಗೆ ಸರಿಹೊಂದಿಸುವುದು, ಅಷ್ಟೆ. ಬಿಳಿ ಎಂದಿದ್ದರೆ, ಆರ್.ಸಿ.ಯ ವಿವರ ಬದಲಾಗುವ ಯಾವುದೇ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ನೋಂದಣಿ ಪ್ರಾಧಿಕಾರದ ಅನುಮತಿ ಬೇಕು, ಅದನ್ನು ಬಣ್ಣ ಹೊಡೆಸುವ ಮೊದಲೇ ಪಡೆಯಿರಿ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ಐದೈದು ವರ್ಷಕ್ಕೆ ನವೀಕರಣವಾಗುವುದರಿಂದ ನಿಮ್ಮ ಗಾಡಿಯ ಅವಧಿ ಎಂದು ಮುಗಿಯುತ್ತದೆ ಎಂಬುದನ್ನೂ ನೋಡಿಕೊಳ್ಳಿ. ತಪಾಸಣೆ ಹತ್ತಿರವಿದ್ದರೆ ನೆಲದ ಕೆಲಸ ಅದಕ್ಕೆ ಮೊದಲು ಮುಗಿಯಬೇಕು.

ವಿಂಟೇಜ್ ನೋಂದಣಿಯ ವಿಷಯದಲ್ಲಿ ಅವಸರ ಬೇಡ. 2021ರ ಜುಲೈನಲ್ಲಿ ಬಂದ ನಿಯಮಗಳಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿಸಿಕೊಂಡ, ಚಾಸಿಸ್, ಬಾಡಿ ಶೆಲ್, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗದ ವಾಹನಗಳಿಗೆ ಮಾತ್ರ ಆ ಮನ್ನಣೆ. ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಭಾನುವಾರದ ಗಾಣಗಾಪುರ ಆ ಪಟ್ಟಿಯಲ್ಲಿಲ್ಲ. ನಿಮ್ಮ ಉದ್ದೇಶಕ್ಕೆ ಈಗಿನ ಸಾಮಾನ್ಯ ನೋಂದಣಿಯೇ ಅನುಕೂಲ. ಆದರೂ ಮುಂದೆ ಮನಸ್ಸು ಬದಲಾದರೆ ಬೇಕಾಗುತ್ತದೆ, ಆದ್ದರಿಂದ ಹಾಳಾದ ತಗಡಿನ ಜಾಗಕ್ಕೆ ಅದೇ ಆಕಾರದ ತಗಡು ಕೂರಿಸಿದ್ದಕ್ಕೆ ಮೊದಲಿನ, ನಡುವಿನ, ಕೊನೆಯ ಚಿತ್ರಗಳನ್ನು ರಸೀದಿಗಳೊಂದಿಗೆ ಇಟ್ಟುಕೊಳ್ಳಿ. ಚಾಸಿಸ್ ಸಂಖ್ಯೆ ಇರುವ ಜಾಗವನ್ನು ಕತ್ತರಿಸುವುದಾಗಲಿ, ಗ್ರೈಂಡರ್ ಹಿಡಿದು ಉಜ್ಜುವುದಾಗಲಿ ಕೂಡದು ಎಂದು ಉಸ್ತಾದರಿಗೂ ಪೇಂಟರ್‌ನಿಗೂ ಬೇರೆ ಬೇರೆಯಾಗಿ ಹೇಳಿ, ಅದರ ಮೇಲೆ ಇಂದೇ ಟೇಪ್ ಅಂಟಿಸಿಬಿಡಿ.

ನೆಲ ಬಿಚ್ಚಿಸಿದ ಮೇಲೆ ಹಿಂದಿನ ಸ್ಪ್ರಿಂಗ್ ಹಿಡಿಯುವ ಜಾಗದ ಚಿತ್ರಗಳನ್ನು ಇಲ್ಲಿ ಹಾಕಿ. ಅಲ್ಲಿ ತಗಡು ಗಟ್ಟಿಯಿದ್ದರೆ 45 ದಿನಗಳ ನನ್ನ ಅಂದಾಜು ನಿಲ್ಲುತ್ತದೆ. ಅಲ್ಲಿಯೂ ಜಂಗು ಇಳಿದಿದ್ದರೆ ಬಣ್ಣದ ಹಣವನ್ನು ಮುಂದಿನ ಚಳಿಗಾಲಕ್ಕೆ ಎತ್ತಿಟ್ಟು, ಈ ವರ್ಷ ಗಾಡಿಯನ್ನು ಪ್ರೈಮರ್‌ನಲ್ಲೇ ಓಡಿಸಬಹುದು.